‘ಪರವಾಗಿಲ್ಲ’ ಅನ್ನುವ ಅತಿಥಿಗಳು: ಹೊರದೇಶದ ಚಾರಣಿಗರು ಬರುವ ಮುನ್ನ, ಬಂದ ಮೇಲೆ

ಏರು ದಾರಿಯ ನಡುವೆ ನಿಂತು, ಹಿಂದೆ ತಿರುಗಿ ‘ಹೇಗಿದ್ದೀರಿ?’ ಎಂದು ಅತಿಥಿಯನ್ನು ಕೇಳಿ ನೋಡಿ. ಮುಖ ಕೆಂಪೇರಿರುತ್ತದೆ, ಅಂಗಿ ಬೆನ್ನಿಗೆ ಅಂಟಿರುತ್ತದೆ, ದಮ್ಮು ಹತ್ತಿ ಮಾತೇ ಹೊರಡುತ್ತಿರುವುದಿಲ್ಲ. ಆದರೂ ಉತ್ತರ ಒಂದೇ: ‘ಪರವಾಗಿಲ್ಲ, ಚೆನ್ನಾಗಿದ್ದೇನೆ.’

ನಮ್ಮ ಚಾರಣದ ಗುಂಪು ಬೇರೆ ದೇಶದ ಗುಂಪುಗಳ ಜೊತೆ ವಿನಿಮಯ ಪ್ರವಾಸ ಮಾಡುತ್ತದೆ. ಒಂದು ವರ್ಷ ಅವರು ನಮ್ಮ ಕಡೆ ಬಂದು ವಾರವೋ ಹತ್ತು ದಿನವೋ ನಡೆಯುತ್ತಾರೆ. ಇನ್ನೊಂದು ವರ್ಷ ನಾವು ಅವರ ಕಡೆ ಹೋಗುತ್ತೇವೆ. ನಾನು ಅತಿಥಿಯಾಗಿಯೂ ಹೋಗಿದ್ದೇನೆ, ಮನೆಯಲ್ಲಿ ಅತಿಥಿಗಳನ್ನು ಉಳಿಸಿಕೊಂಡೂ ಇದ್ದೇನೆ. ಎರಡೂ ಕಡೆ ನಿಂತು ನೋಡಿದ ಮೇಲೆ ಅನ್ನಿಸಿದ್ದು ಇಷ್ಟು: ಇಂಥ ಪ್ರವಾಸದಲ್ಲಿ ತೊಂದರೆ ಬರುವುದು ಬೆಟ್ಟದಿಂದ ಕಡಿಮೆ, ಸಂಕೋಚದಿಂದ ಜಾಸ್ತಿ. ಅತಿಥಿ ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗಾಗಿ ಅವರು ಹೇಳದೆಯೇ ನಮಗೆ ಗೊತ್ತಾಗುವ ಹಾಗೆ ಏರ್ಪಾಡು ಮಾಡಿಕೊಳ್ಳಬೇಕು. ಹೇಗೆ ಅನ್ನುವುದನ್ನು ಒಂದೊಂದೇ ಹಂತವಾಗಿ ಬರೆಯುತ್ತೇನೆ.

1. ಮೂರು ತಿಂಗಳು ಮುಂಚೆ: ಕೇಳಬೇಕಾದ ರೀತಿಯಲ್ಲಿ ಕೇಳಿ

ಬರುವವರಿಗೆ ಒಂದು ಫಾರ್ಮ್ ಕಳಿಸುವುದು ಎಲ್ಲರೂ ಮಾಡುವ ಕೆಲಸ. ತಪ್ಪಾಗುವುದು ಪ್ರಶ್ನೆಗಳಲ್ಲಿ. ‘ನಿಮ್ಮ ಆರೋಗ್ಯ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದು ಬರೆಯುತ್ತಾರೆ. ‘ನಿಮಗೆ ಚಾರಣದ ಅನುಭವ ಇದೆಯೇ?’ ಎಂದರೆ ‘30 ವರ್ಷ’ ಎನ್ನುತ್ತಾರೆ. ಆ 30 ವರ್ಷದಲ್ಲಿ ಕೊನೆಯ 5 ವರ್ಷ ಬರೀ ಪಾರ್ಕಿನಲ್ಲಿ ನಡೆದಿದ್ದರೆ ಅದು ಗೊತ್ತಾಗುವುದಿಲ್ಲ.

‘ಚೆನ್ನಾಗಿದೆ’ ಎಂದು ಉತ್ತರಿಸಲು ಆಗದಂಥ ಪ್ರಶ್ನೆ ಕೇಳಿ. ಕಳೆದ ಮೂರು ತಿಂಗಳಲ್ಲಿ ಒಂದೇ ದಿನ ನಡೆದ ಅತಿ ಉದ್ದದ ದಾರಿ ಎಷ್ಟು ಕಿಲೋಮೀಟರ್? ಎಷ್ಟು ಮೀಟರ್ ಏರು? ಒಟ್ಟು ಎಷ್ಟು ಗಂಟೆ? ಮಾರನೇ ದಿನವೂ ನಡೆದಿರಾ? ಇಳಿಯುವಾಗ ಮೊಣಕಾಲು ನೋಯುತ್ತದೆಯೇ? ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು? ಯಾವುದಕ್ಕೆ ಅಲರ್ಜಿ, ಅದು ಎಷ್ಟು ಜೋರು, ಇಂಜೆಕ್ಷನ್ ಜೊತೆಯಲ್ಲಿ ಇಟ್ಟುಕೊಳ್ಳುತ್ತೀರಾ? ನಾಯಿ, ಬೆಕ್ಕು ಇರುವ ಮನೆ ಆಗುತ್ತದೆಯೇ? ಏನು ತಿನ್ನುವುದಿಲ್ಲ, ಅದು ಇಷ್ಟವಿಲ್ಲ ಅಂತಲೋ, ಧರ್ಮದ ಕಾರಣಕ್ಕೋ, ದೇಹಕ್ಕೆ ಆಗದು ಅಂತಲೋ?

ಕೊನೆಯ ಪ್ರಶ್ನೆ ಮುಖ್ಯ. ಕಡಲೇಕಾಯಿ ಇಷ್ಟವಿಲ್ಲದವರು ಬದಿಗೆ ತಳ್ಳಿ ತಿನ್ನುತ್ತಾರೆ. ಕಡಲೇಕಾಯಿ ಅಲರ್ಜಿ ಇರುವವರಿಗೆ ಅದೇ ಸೌಟು ತಾಗಿದರೂ ಉಸಿರು ಕಟ್ಟಬಹುದು. ಫಾರ್ಮಿನಲ್ಲಿ ಇಬ್ಬರೂ ‘ಕಡಲೇಕಾಯಿ ಬೇಡ’ ಎಂದೇ ಬರೆದಿರುತ್ತಾರೆ.

ದಿನಾಂಕ ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05/07 ಅಂದರೆ ಕೆಲವರಿಗೆ ಜುಲೈ 5, ಅಮೆರಿಕದವರಿಗೆ ಮೇ 7. ದೂರ ಕಿಲೋಮೀಟರಿನಲ್ಲೋ ಮೈಲಿಯಲ್ಲೋ, ಎತ್ತರ ಮೀಟರಿನಲ್ಲೋ ಅಡಿಯಲ್ಲೋ ಅನ್ನುವುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. 900 ಮೀಟರ್ ಏರನ್ನು 900 ಅಡಿ ಎಂದುಕೊಂಡು ಬಂದವರ ಮುಖ ಅರ್ಧ ದಾರಿಯಲ್ಲಿ ನೋಡುವ ಹಾಗಿರುವುದಿಲ್ಲ.

2. ದಾರಿ ಆರಿಸುವಾಗ ಹೆಮ್ಮೆಯನ್ನು ಮನೆಯಲ್ಲಿ ಬಿಡಿ

ಅತಿಥಿ ಬರುತ್ತಾರೆ ಅಂದ ತಕ್ಷಣ ನಮ್ಮ ಕಡೆಯ ಅತಿ ಕಷ್ಟದ, ಅತಿ ಚೆಂದದ ಬೆಟ್ಟ ತೋರಿಸಬೇಕು ಅನ್ನಿಸುತ್ತದೆ. ಅದು ಸಹಜ. ಆದರೆ ಬೇರೆ ಹವೆ, ಬೇರೆ ನೀರು, ಅರೆನಿದ್ದೆಯಲ್ಲಿ ಇರುವವರಿಗೆ ನಮಗೆ ಸುಲಭವಾದದ್ದೂ ಭಾರವೇ.

‘ಮಧ್ಯಮ’, ‘ಕಷ್ಟ’ ಅನ್ನುವ ಮಾತುಗಳನ್ನು ನಂಬಬೇಡಿ. ಒಬ್ಬರ ಮಧ್ಯಮ ಇನ್ನೊಬ್ಬರಿಗೆ ಪ್ರಾಣಸಂಕಟ. ಸ್ವಿಟ್ಜರ್‌ಲ್ಯಾಂಡಿನ ಆಲ್ಪೈನ್ ಕ್ಲಬ್ ದಾರಿಗಳನ್ನು ಟಿ1ರಿಂದ ಟಿ6ರ ತನಕ ವಿಂಗಡಿಸುತ್ತದೆ. ಅಮೆರಿಕದಲ್ಲಿ ಕ್ಲಾಸ್ 1ರಿಂದ 5 ಎನ್ನುವ ಯೊಸೆಮಿಟಿ ಲೆಕ್ಕ ಇದೆ. ಅತಿಥಿಗಳು ಯಾವ ಲೆಕ್ಕಕ್ಕೆ ಒಗ್ಗಿದ್ದಾರೋ ಅದರಲ್ಲಿ ಹೇಳಲು ಹೊರಡುವುದಕ್ಕಿಂತ ಅಂಕಿಗಳನ್ನು ಕೊಡಿ: ದೂರ, ಏರು, ಇಳಿತ, ಗಂಟೆ. ಜೊತೆಗೆ ಅತಿ ಕಷ್ಟದ ಜಾಗದ ಒಂದು ಫೋಟೋ. ಶಿಖರದ ಫೋಟೋ ಎಲ್ಲರೂ ಕಳಿಸುತ್ತಾರೆ. ಕೈಯೂರಿ ಹತ್ತಬೇಕಾದ ಬಂಡೆ, ಪಕ್ಕದಲ್ಲಿ ಕಂದಕ ಇರುವ ಕಿರುದಾರಿ ಇವುಗಳ ಫೋಟೋ ಕಳಿಸಿ. ಎತ್ತರಕ್ಕೆ ಹೆದರುವವರು ಮನೆಯಲ್ಲಿ ಕೂತೇ ‘ನಾನು ಆ ದಿನ ಬರಲ್ಲ’ ಎಂದು ಬರೆಯುತ್ತಾರೆ. ಬಂಡೆಯ ಬುಡದಲ್ಲಿ ಹತ್ತು ಜನರ ಮುಂದೆ ಅದನ್ನು ಹೇಳುವುದು ಯಾರಿಗೂ ಸುಲಭವಲ್ಲ.

ಸಮಯದ ಅಂದಾಜಿಗೆ ಹಳೆಯದೊಂದು ಸೂತ್ರ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 900 ಮೀಟರ್ ಏರು ಅಂದರೆ ಹೆಚ್ಚುಕಡಿಮೆ 4 ಗಂಟೆ. ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆದರೆ. ಹತ್ತು ಹನ್ನೆರಡು ಜನರ ಗುಂಪು, ಫೋಟೋ, ಊಟ, ಶೂ ಬಿಚ್ಚಿ ಕಟ್ಟುವುದು ಎಲ್ಲ ಸೇರಿ ನಾನು ಅದನ್ನು ಒಂದೂವರೆ ಪಟ್ಟು ಮಾಡುತ್ತೇನೆ. ಅಂದರೆ 6 ಗಂಟೆ. ಇಲ್ಲಿಯವರೆಗೆ ಇದು ಕೈಕೊಟ್ಟಿಲ್ಲ.

ಪ್ರತಿ ದಿನಕ್ಕೂ ನಡುವೆ ಇಳಿದು ಹೋಗುವ ಒಂದು ದಾರಿ, ಆ ದಾರಿಯ ಕೊನೆಯಲ್ಲಿ ಒಂದು ವಾಹನ ಇರಲಿ. ವಾಹನ ಇದೆ ಅನ್ನುವುದನ್ನು ಬೆಳಗ್ಗೆಯೇ ಎಲ್ಲರಿಗೂ ಹೇಳಿ. ‘ನನಗೆ ಆಗುತ್ತಿಲ್ಲ’ ಅನ್ನುವುದಕ್ಕಿಂತ ‘ನಾನು ವಾಹನದ ಕಡೆ ಇಳಿಯುತ್ತೇನೆ’ ಅನ್ನುವುದು ಬಾಯಿಗೆ ಹಗುರ.

ದಾರಿ 2,500 ಮೀಟರಿಗಿಂತ ಮೇಲೆ ಹೋಗುವುದಾದರೆ ಎತ್ತರದ ಕಾಯಿಲೆಯ ಲೆಕ್ಕ ಬೇರೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು. ತಲೆನೋವು, ವಾಕರಿಕೆ ಶುರುವಾದರೆ ಮೇಲೆ ಹೋಗುವ ಮಾತೇ ಇಲ್ಲ. ಇಲ್ಲೂ ‘ಪರವಾಗಿಲ್ಲ’ ಕೇಳಿಬರುತ್ತದೆ. ಕಿವಿಗೆ ಹಾಕಿಕೊಳ್ಳಬೇಡಿ.

3. ಹಣ, ವಿಮೆ, ಕಾಗದ

ಇದನ್ನು ಬೇಗ ಮುಗಿಸೋಣ. ಯಾವುದರ ಖರ್ಚು ಯಾರದು ಅನ್ನುವುದನ್ನು ಒಂದೇ ಪುಟದಲ್ಲಿ ಬರೆದು ಮೊದಲೇ ಕಳಿಸಿ. ಊಟ, ಬಸ್ಸು, ಕಾಡಿನ ಪ್ರವೇಶ ಶುಲ್ಕ, ಹೋಟೆಲು, ಎಲ್ಲವೂ. ತೀರಾ ಅದ್ಧೂರಿ ಮಾಡಲು ಹೋಗಬೇಡಿ. ಮುಂದಿನ ವರ್ಷ ನೀವು ಅವರ ಮನೆಗೆ ಹೋಗುವವರು. ನೀವು ಹಾಕಿದ ಅಳತೆಗೆ ಅವರು ಸಮ ಬರಬೇಕಲ್ವಾ? ಅವರಿಗೆ ಹೊರೆಯಾಗುವಷ್ಟು ಉಪಚಾರ ಮಾಡಿದರೆ ವಿನಿಮಯ ಒಂದೇ ಸುತ್ತಿಗೆ ನಿಲ್ಲುತ್ತದೆ.

ಪ್ರಯಾಣದ ವಿಮೆ ಇದೆ ಎಂದರೆ ಸಾಲದು. ಚಾರಣ ಅದರಲ್ಲಿ ಸೇರಿದೆಯೇ, ಎಷ್ಟು ಎತ್ತರದ ತನಕ, ಹೆಲಿಕಾಪ್ಟರಿನಲ್ಲಿ ಹೊತ್ತು ತರುವ ಖರ್ಚು ಕೊಡುತ್ತಾರೆಯೇ ಎಂದು ಅವರ ಕೈಯಲ್ಲೇ ಓದಿಸಿ. ಪಾಲಿಸಿ ಸಂಖ್ಯೆ ಮತ್ತು 24 ಗಂಟೆಯ ಫೋನ್ ನಂಬರ್ ನಿಮ್ಮ ಬಳಿ ಇರಲಿ. ಹಲವು ದೇಶಗಳಲ್ಲಿ ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು ಸರ್ಕಾರಕ್ಕೆ ತಿಳಿಸಬೇಕು. ಹಲವು ಕಡೆ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ತರುವುದು ಅಪರಾಧ. ಒಂದು ದೇಶದ ಸಾಮಾನ್ಯ ಮಾತ್ರೆ ಇನ್ನೊಂದು ದೇಶದಲ್ಲಿ ನಿಷಿದ್ಧ. ಶೀತಕ್ಕೆ ನುಂಗುವ ಸೂಡೋಎಫೆಡ್ರಿನ್ 10 ಶೇಕಡಕ್ಕಿಂತ ಹೆಚ್ಚಿರುವ ಔಷಧವನ್ನು ಜಪಾನಿನೊಳಗೆ ಒಯ್ಯುವಂತಿಲ್ಲ. ನಿಮ್ಮ ಕಡೆಯ ನಿಯಮ ಹುಡುಕಿ ತಿಳಿಸುವ ಕೆಲಸ ನಿಮ್ಮದೇ. ಅವರಿಗೆ ಅದು ಹೊಳೆಯುವುದೂ ಇಲ್ಲ.

ಪಾಸ್‌ಪೋರ್ಟ್ ಪ್ರತಿಗಳನ್ನು ಗುಂಪಿನ ವಾಟ್ಸಾಪಿಗೆ ಹಾಕಬೇಡಿ. ಒಬ್ಬರ ಹತ್ತಿರ ಇರಲಿ, ಪ್ರವಾಸ ಮುಗಿದ ಮೇಲೆ ಅಳಿಸಿಬಿಡಿ.

4. ಯಾರ ಮನೆಯಲ್ಲಿ ಯಾರು

ಚಾರಣಿಗರಿಗೆ ಬೇಕಾದ್ದು ದೊಡ್ಡ ಮಂಚ, ಹೊಸ ಪರದೆ ಇವೆಲ್ಲ ಅಲ್ಲ. ಒದ್ದೆ ಶೂ ಒಣಗಿಸಲು ಜಾಗ, ಬಟ್ಟೆ ಒಗೆಯುವ ಅವಕಾಶ, ಕಾಲು ನೆನೆಸಲು ಒಂದು ಬಕೆಟ್ ಬಿಸಿನೀರು, ಫೋನ್ ಚಾರ್ಜ್ ಮಾಡಲು ಪ್ಲಗ್, ಬೇಗ ಮಲಗುವ ಸ್ವಾತಂತ್ರ್ಯ. ಇಷ್ಟಿದ್ದರೆ ನೆಲದ ಮೇಲೆ ಹಾಸಿಗೆ ಹಾಕಿದರೂ ಸಂತೋಷವಾಗಿ ಇರುತ್ತಾರೆ. ಬಾಗಿಲಿಗೆ ಚಿಲಕ ಇರಲಿ. ಮನೆಯ ಒಂದು ಕೀಲಿ ಅವರ ಕೈಯಲ್ಲಿರಲಿ.

ಬಂದ ಕೂಡಲೇ ಬಚ್ಚಲುಮನೆಗೆ ಕರೆದುಕೊಂಡು ಹೋಗಿ ಪ್ರತಿಯೊಂದನ್ನೂ ಮಾಡಿ ತೋರಿಸಿ. ನಾನು ಇದನ್ನು ಕಲಿತದ್ದು ನಾಚಿಕೆಪಟ್ಟುಕೊಂಡು. ನಮ್ಮ ಮನೆಯಲ್ಲಿ ಉಳಿದಿದ್ದ ಒಬ್ಬರು ಅರವತ್ತು ದಾಟಿದವರು. ಎರಡು ದಿನ ತಣ್ಣೀರಿನಲ್ಲಿ ಸ್ನಾನ ಮಾಡಿದ್ದರು. ಗೀಸರಿನ ಸ್ವಿಚ್ ಬಚ್ಚಲಿನ ಹೊರಗೆ, ಬಾಗಿಲಿನ ಹಿಂದೆ ಇದೆ. ಬಾಗಿಲು ತೆರೆದರೆ ಅದು ಮರೆಯಾಗುತ್ತದೆ. ಹುಟ್ಟಿದಾಗಿನಿಂದ ಅಲ್ಲೇ ಇರುವ ನಮಗೆ ಅದು ಕಾಣದ ಜಾಗ ಅನ್ನುವುದೇ ತಲೆಗೆ ಬಂದಿರಲಿಲ್ಲ. ಮೂರನೇ ದಿನ ನನ್ನ ಮಗಳು ‘ನೀರು ಬಿಸಿ ಇತ್ತಾ?’ ಎಂದು ಕೇಳಿದಾಗ ಅವರು ನಗುತ್ತಾ, ‘ತಣ್ಣೀರು ಆರೋಗ್ಯಕ್ಕೆ ಒಳ್ಳೆಯದು, ಪರವಾಗಿಲ್ಲ’ ಅಂದರು. ಅವರು ನಿಜಕ್ಕೂ ದೂರಲಿಲ್ಲ. ಅದೇ ತೊಂದರೆ.

ಕರೆಂಟಿನ ವಿಷಯ ಒಂದು ಮಾತು. ಫೋನಿನ ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್ ತನಕ ತಡೆದುಕೊಳ್ಳುತ್ತವೆ, ಪ್ಲಗ್ಗಿನ ಅಡಾಪ್ಟರ್ ಒಂದಿದ್ದರೆ ಸಾಕು. 110 ವೋಲ್ಟಿನ ಹೇರ್ ಡ್ರೈಯರನ್ನು 230 ವೋಲ್ಟಿಗೆ ಸಿಕ್ಕಿಸಿದರೆ ಹೊಗೆ ಬರುತ್ತದೆ.

5. ಬಂದಿಳಿದ ದಿನ

ಆ ದಿನ ಬೆಟ್ಟ ಬೇಡ. ಭಾಷಣವಂತೂ ಬೇಡವೇ ಬೇಡ, ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ದೇಹದ ಗಡಿಯಾರ ಸರಿಹೋಗಲು ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಹಿಡಿಯುತ್ತದೆ ಎನ್ನುವುದು ಒರಟು ಲೆಕ್ಕ. ಪಶ್ಚಿಮದಿಂದ ಪೂರ್ವಕ್ಕೆ ಬಂದವರಿಗೆ ಕಷ್ಟ ಜಾಸ್ತಿ. ಸಂಜೆ ಬೆಳಕಿರುವಾಗ ಅರ್ಧ ಗಂಟೆ ಹತ್ತಿರದಲ್ಲೇ ನಡೆಸಿ, ಊಟ ಹಾಕಿ, ಮಲಗಲು ಬಿಡಿ.

ಆ ನಡಿಗೆಯಲ್ಲಿ ಒಂದು ಪಾಠ ಮುಗಿಸಿ: ರಸ್ತೆ ದಾಟುವುದು. ಬಲಬದಿಯಲ್ಲಿ ವಾಹನ ಓಡುವ ದೇಶದವರು ಎಡಬದಿಯ ದೇಶಕ್ಕೆ ಬಂದರೆ ತಪ್ಪು ಕಡೆ ನೋಡಿ ಹೆಜ್ಜೆ ಇಡುತ್ತಾರೆ. ನಾನೂ ಇಟ್ಟಿದ್ದೇನೆ, ಯಾರೋ ತೋಳು ಹಿಡಿದು ಎಳೆದರು. ಪ್ರಪಾತದ ಅಂಚಿನಲ್ಲಿ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ಅಪಾಯ ಇರುವುದು ಬಸ್ಸಿಳಿದು ದಾಟುವ ಆ ಹತ್ತು ಹೆಜ್ಜೆಯಲ್ಲಿ.

ಬಿಸಿಲಿನ ಜಾಗಕ್ಕೆ ಚಳಿ ದೇಶದವರು ಬಂದಿದ್ದರೆ ಮೊದಲ ದಿನಗಳಲ್ಲಿ ಬೆಳಗ್ಗೆ ಮಾತ್ರ ಚಿಕ್ಕ ನಡಿಗೆ ಇಟ್ಟುಕೊಳ್ಳಿ. ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಅವರ ಪ್ರವಾಸವೇ ಮುಗಿದಿರುತ್ತದೆ. ಹಾಗಾಗಿ ಪೂರ್ತಿ ಒಗ್ಗುತ್ತಾರೆ ಎಂದು ಕಾಯದೆ, ಮಧ್ಯಾಹ್ನದ ಏರನ್ನೇ ಕಾರ್ಯಕ್ರಮದಿಂದ ತೆಗೆಯಿರಿ.

6. ಮೊದಲ ಬೆಳಗ್ಗೆ: ಶೂ, ಸೀಟಿ, ಗುರುತು

ಹೊರಡುವ ಮುಂಚೆ ಎಲ್ಲರ ಶೂ ನೋಡಿ. ತಮಾಷೆ ಮಾಡುತ್ತಲೇ ನೋಡಿ, ಆದರೆ ಬಗ್ಗಿ, ಕೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಚಾರಣದ ಶೂಗಳ ಅಟ್ಟೆಯ ನಡುಪದರ ಹೆಚ್ಚಾಗಿ ಪಾಲಿಯುರಿಥೇನ್ ಎನ್ನುವ ಪ್ಲಾಸ್ಟಿಕ್ಕಿನ ನೊರೆ. ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟರೆ ಗಾಳಿಯ ತೇವವೇ ಅದನ್ನು ಒಳಗಿಂದ ತಿನ್ನುತ್ತದೆ. ಮೇಲೆ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ‘ಈ ಪ್ರವಾಸಕ್ಕೆಂದೇ ಎತ್ತಿಟ್ಟಿದ್ದ ಶೂ’ ಅನ್ನುವವರೇ ಇದಕ್ಕೆ ಸಿಕ್ಕಿಬೀಳುವುದು. ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ಸಣ್ಣ ಬಿರುಕು ಕಂಡರೆ, ಪುಡಿ ಉದುರಿದರೆ, ಆ ಶೂ ಬೆಟ್ಟ ಹತ್ತುವುದಿಲ್ಲ.

ಒಂದು ಸಲ ನಮ್ಮ ಸಾಲಿನ ನಡುವಿನಿಂದ ಚಪ್ ಚಪ್ ಎಂದು ಸದ್ದು ಬರತೊಡಗಿತು. ಕೆಸರಿನಲ್ಲಿ ನಡೆಯುತ್ತಿದ್ದಾರೆ ಎಂದುಕೊಂಡೆ. ದಾರಿ ಒಣಗಿತ್ತು. ತಿರುಗಿ ನೋಡಿದರೆ ಒಬ್ಬ ಅತಿಥಿಯ ಬಲ ಶೂವಿನ ಅಟ್ಟೆ ಮುಂಗಾಲಿನಿಂದ ಹಿಮ್ಮಡಿಯವರೆಗೆ ಬಿಟ್ಟುಕೊಂಡು ಮೊಸಳೆ ಬಾಯಿಯ ಹಾಗೆ ಬಡಿಯುತ್ತಿದೆ. ಅವರು ಶೂ ಲೇಸನ್ನೇ ಅಟ್ಟೆಯ ಕೆಳಗಿಂದ ಸುತ್ತಿ ಕಟ್ಟಿ, ಒಂದು ಗಂಟೆಯಿಂದ ಹಾಗೇ ನಡೆದಿದ್ದಾರೆ. ಲೇಸು ಕಲ್ಲಿಗೆ ಉಜ್ಜಿ ಎಳೆ ಎಳೆಯಾಗಿತ್ತು. ಆಗಲೂ ಅವರು ಹೇಳಿದ ಮಾತು ಯಾವುದೆಂದು ನಿಮಗೆ ಗೊತ್ತೇ ಇದೆ. ಆವತ್ತಿನಿಂದ ನನ್ನ ಬ್ಯಾಗಿನಲ್ಲಿ ಗಟ್ಟಿ ಬಟ್ಟೆಯ ಅಂಟುಪಟ್ಟಿ ಮತ್ತು ನಾಲ್ಕಾರು ಕೇಬಲ್ ಟೈ ಇರುತ್ತವೆ. ಅಟ್ಟೆ ಬಿಟ್ಟರೆ ಎರಡು ಕಡೆ ಟೈ ಬಿಗಿದು, ಮೇಲೆ ಪಟ್ಟಿ ಸುತ್ತಿ. ಹತ್ತಿರದ ರಸ್ತೆ ತಲುಪುವವರೆಗೆ ಬರುತ್ತದೆ.

ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಯಾವ ಬ್ಯಾಗಿನಲ್ಲೂ ತರುವಂತಿಲ್ಲ. ಅದನ್ನು ಇಲ್ಲೇ ಹೊಂದಿಸಬೇಕು. ಅವರ ಒಲೆಗೆ ತಿರುಪಿನ ಡಬ್ಬಿ ಬೇಕೋ ಚುಚ್ಚುವ ಡಬ್ಬಿ ಬೇಕೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಊರುಗೋಲುಗಳನ್ನು ಕೆಲವರು ತಂದಿರುವುದಿಲ್ಲ. ಎರಡು ಮೂರು ಜೊತೆ ಎರವಲು ತಂದಿಡಿ. ಇಳಿಜಾರಿನಲ್ಲಿ ಅವು ಮೊಣಕಾಲಿನ ಮಾನ ಉಳಿಸುತ್ತವೆ.

ಆಮೇಲೆ ಗುರುತುಗಳು. ದಾರಿಯ ಗುರುತು ಎಲ್ಲ ಕಡೆ ಒಂದೇ ಅಲ್ಲ. ಫ್ರಾನ್ಸಿನ ದೂರದಾರಿಗಳಲ್ಲಿ ಬಿಳಿ ಕೆಂಪು ಪಟ್ಟೆ ಅಂದರೆ ಸರಿ ದಾರಿ, ಅದೇ ಎರಡು ಬಣ್ಣ ಗುಣಿಸುವ ಗುರುತಿನ ಹಾಗೆ ಅಡ್ಡಹಾಕಿದ್ದರೆ ಈ ಕಡೆ ಬೇಡ ಎಂದು. ಜಪಾನಿನಲ್ಲಿ ಬಂಡೆಯ ಮೇಲೆ ವೃತ್ತ ಬರೆದಿದ್ದರೆ ಹೋಗಬಹುದು. ಸ್ವಿಟ್ಜರ್‌ಲ್ಯಾಂಡಿನಲ್ಲಿ ಹಳದಿ ಫಲಕ ಸುಲಭದ ದಾರಿಗೆ, ಬಿಳಿ ಕೆಂಪು ಬಿಳಿ ಬೆಟ್ಟದ ದಾರಿಗೆ, ಬಿಳಿ ನೀಲಿ ಬಿಳಿ ಇನ್ನೂ ಕಷ್ಟದ್ದಕ್ಕೆ. ನಿಮ್ಮ ದಾರಿಯ ಗುರುತು ಏನು, ಗುರುತೇ ಇಲ್ಲದಿದ್ದರೆ ಇಲ್ಲ ಎಂದು ಹೇಳಿಬಿಡಿ.

ಸೀಟಿಯ ಲೆಕ್ಕವೂ ಹಾಗೇ. ಆಲ್ಪ್ಸ್ ಕಡೆಯವರಿಗೆ ಅಪಾಯದ ಸೂಚನೆ ಅಂದರೆ ನಿಮಿಷಕ್ಕೆ ಆರು ಸಲ ಊದುವುದು, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿತು ಎಂದು ತಿಳಿಸಲು ಮೂರು. ಉತ್ತರ ಅಮೆರಿಕದಲ್ಲಿ ಮೂರು ಸಲ ಊದಿದರೇ ಅಪಾಯ. ಒಬ್ಬರು ಕಾಪಾಡಿ ಎಂದು ಮೂರು ಊದಿದರೆ ಇನ್ನೊಬ್ಬರು ಅದನ್ನು ‘ಸರಿ, ಕೇಳಿಸಿತು’ ಎಂದು ತಿಳಿಯಬಹುದು. ಒಂದು ಲೆಕ್ಕಕ್ಕೆ ಒಪ್ಪಿ, ಎಲ್ಲರ ಕೈಯಲ್ಲೂ ಒಂದೊಂದು ಸಲ ಊದಿಸಿ. ಮಕ್ಕಳಾಟದ ಹಾಗೆ ಕಾಣುತ್ತದೆ, ನಗು ಬರುತ್ತದೆ, ಬರಲಿ. ತಲೆಯಾಡಿಸುವುದನ್ನೂ ನಂಬಬೇಡಿ. ಬಲ್ಗೇರಿಯಾದವರು ಮೇಲೆ ಕೆಳಗೆ ತಲೆ ಹಾಕಿದರೆ ‘ಇಲ್ಲ’ ಎಂದು ಅರ್ಥ.

ಪ್ರತಿಯೊಬ್ಬರಿಗೂ ಒಂದು ಚಿಕ್ಕ ಚೀಟಿ ಕೊಡಿ, ಫೋನಿನ ಕವರಿನ ಹಿಂದೆ ಸಿಕ್ಕಿಸಲಿ. ಅದರಲ್ಲಿ ತುರ್ತು ಕರೆಯ ಸಂಖ್ಯೆ, ನಿಮ್ಮ ಫೋನ್, ಉಳಿದಿರುವ ಮನೆಯ ವಿಳಾಸ ಸ್ಥಳೀಯ ಲಿಪಿಯಲ್ಲೂ ಅವರು ಓದಬಲ್ಲ ಲಿಪಿಯಲ್ಲೂ. ಯುರೋಪಿನಲ್ಲಿ 112, ಅಮೆರಿಕದಲ್ಲಿ 911. ಗಾಬರಿಯಲ್ಲಿ ಬೆರಳು ತನ್ನ ದೇಶದ ಸಂಖ್ಯೆಯನ್ನೇ ಒತ್ತುತ್ತದೆ.

ಕೊನೆಯದಾಗಿ, ನಿಮಗೆ ಹೇಳುವ ಅಗತ್ಯವೇ ಕಾಣದ್ದನ್ನು ಹೇಳಿ. ಯಾವ ಗಿಡ ಮುಟ್ಟಿದರೆ ತುರಿಸುತ್ತದೆ, ಯಾವ ಹುಳು ಕಚ್ಚಿದರೆ ಭಯವಿಲ್ಲ, ಯಾವುದಕ್ಕೆ ತಕ್ಷಣ ಕೂಗಬೇಕು.

7. ದಾರಿಯಲ್ಲಿ

ಮುಂದೆ ಒಬ್ಬರು, ಕಟ್ಟಕಡೆಗೆ ಒಬ್ಬರು, ಇಬ್ಬರೂ ನಿಮ್ಮ ಗುಂಪಿನವರು. ಕಡೆಯವರು ಯಾವ ಕಾರಣಕ್ಕೂ ಅತಿಥಿಯನ್ನು ದಾಟಿ ಮುಂದೆ ಹೋಗಬಾರದು. ದಾರಿ ಕವಲೊಡೆಯುವಲ್ಲೆಲ್ಲ ನಿಂತು ತಲೆ ಎಣಿಸಿ.

ಎಲ್ಲ ಗುಂಪುಗಳಲ್ಲೂ ನಡೆಯುವ ಅನ್ಯಾಯ ಒಂದಿದೆ. ಮುಂದಿನವರು ನಿಂತು, ಕೂತು, ನೀರು ಕುಡಿದು, ಹರಟೆ ಹೊಡೆದು, ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರಿದ ಕೂಡಲೇ ‘ಸರಿ, ಹೊರಡೋಣ’ ಎಂದು ಏಳುತ್ತಾರೆ. ಯಾರಿಗೆ ಬಿಡುವು ಬೇಕೋ ಅವರಿಗೇ ಸಿಗುವುದಿಲ್ಲ. ಬಿಡುವಿನ ಗಡಿಯಾರ ಕಡೆಯವರು ಕೂತ ಮೇಲೆ ಶುರುವಾಗಲಿ. ಮುಂದಿನವರಿಗೆ ಬೇಜಾರಾದರೆ ಆಗಲಿ.

ಬಿಡುವು ಬೇಕೇ ಎಂದು ಕೇಳಬೇಡಿ. 50 ನಿಮಿಷ ನಡೆದರೆ 10 ನಿಮಿಷ ಕೂರುವುದು ಎಂದು ಮೊದಲೇ ಗೊತ್ತುಮಾಡಿ, ಗಂಟೆ ಹೊಡೆದ ಹಾಗೆ ಕೂರಿಸಿ. ಮೊದಲ ಬಿಡುವು ಮಾತ್ರ ಬೇಗ ಬರಲಿ, 20 ನಿಮಿಷಕ್ಕೇ. ‘ಈಗ ಎಲ್ಲರೂ ಕಾಲು ನೋಡಿಕೊಳ್ಳಿ’ ಎಂದು ಶೂ ಬಿಚ್ಚಿಸಿ. ನೀವೂ ಬಿಚ್ಚಿ. ಚರ್ಮ ಕೆಂಪಾಗಿ ಉರಿಯುವ ಹಂತದಲ್ಲೇ ಪಟ್ಟಿ ಹಾಕಿದರೆ ಗುಳ್ಳೆ ಏಳುವುದಿಲ್ಲ. ಎದ್ದ ಮೇಲೆ ನಾಲ್ಕು ದಿನದ ಗೋಳು.

ನಮ್ಮಲ್ಲಿ ಎಲ್ಲರಿಗೂ ಇರುವ ಕೆಟ್ಟ ಅಭ್ಯಾಸ ‘ಇನ್ನೇನು, ಬಂದೇಬಿಟ್ಟಿತು’ ಅನ್ನುವುದು. ಧೈರ್ಯ ತುಂಬಲು ಸುಮ್ನೆ ಹೇಳುತ್ತೇವೆ. ಎರಡನೇ ಸಲ ಹೇಳುವ ಹೊತ್ತಿಗೆ ಅತಿಥಿಗೆ ನಿಮ್ಮ ಮೇಲೆ ನಂಬಿಕೆ ಹೋಗಿರುತ್ತದೆ. ಅಂಕಿ ಹೇಳಿ: ‘ಇನ್ನು 40 ನಿಮಿಷ, ಅದರಲ್ಲಿ 15 ನಿಮಿಷ ಕಡಿದಾದ ಏರು.’ ಕಷ್ಟವನ್ನು ಅಳೆದು ಕೊಟ್ಟರೆ ಜನ ಹೊರುತ್ತಾರೆ.

ಶೌಚದ ವಿಷಯವನ್ನು ಬೆಳಗ್ಗೆಯೇ ನೇರವಾಗಿ ಹೇಳಿ ಮುಗಿಸಿ. ಯಾರಾದರೂ ಮರೆಗೆ ಹೋಗುವಾಗ ಬ್ಯಾಗನ್ನು ದಾರಿಯ ಪಕ್ಕ ಇಟ್ಟು ಹೋಗಲಿ. ಕಡೆಯವರು ಆ ಬ್ಯಾಗ್ ಕಂಡರೆ ಅಲ್ಲೇ ನಿಲ್ಲುತ್ತಾರೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ನೀರಿನಿಂದ 60 ಮೀಟರಾದರೂ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಆಮೇಲೆ ಮುಚ್ಚುವುದು. ಒಂದು ಚಿಕ್ಕ ಗುದ್ದಲಿ ಕಡೆಯವರ ಬ್ಯಾಗಿನ ಹೊರಜೇಬಿನಲ್ಲಿ ಇರಲಿ, ಕೇಳದೆ ತೆಗೆದುಕೊಳ್ಳುವ ಹಾಗೆ.

ಅಲರ್ಜಿಯ ಇಂಜೆಕ್ಷನ್ ಇರುವವರ ಬ್ಯಾಗಿನ ಯಾವ ಜೇಬಿನಲ್ಲಿ ಅದು ಇದೆ ಎಂದು ನಿಮಗೂ ಇನ್ನೊಬ್ಬರಿಗೂ ಗೊತ್ತಿರಬೇಕು. ವಾಹನದಲ್ಲಿ ಬಿಟ್ಟು ಬಂದ ಇಂಜೆಕ್ಷನ್ ಇದ್ದೂ ಇಲ್ಲದ ಹಾಗೆ.

8. ನೀರು, ಊಟ

ನಿಮ್ಮ ಹೊಟ್ಟೆಗೆ ಒಗ್ಗಿದ ನೀರು ಅವರ ಹೊಟ್ಟೆಗೆ ಒಗ್ಗಬೇಕೆಂದಿಲ್ಲ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ ಕೊಡಿ. ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಮೇಲಾದರೆ ಮೂರು ನಿಮಿಷ. ಬೆವರು ಜಾಸ್ತಿ ಹರಿಯುವ ದಿನ ಬರೀ ನೀರನ್ನೇ ಕುಡಿಸುತ್ತಾ ಹೋದರೆ ರಕ್ತದಲ್ಲಿ ಉಪ್ಪು ಇಳಿದು ತಲೆ ತಿರುಗುತ್ತದೆ. ಜೊತೆಗೆ ಉಪ್ಪಿನ ತಿಂಡಿಯೋ, ಉಪ್ಪು ಸಕ್ಕರೆ ಬೆರೆತ ಓಆರ್‌ಎಸ್ ನೀರೋ ಇರಲಿ.

ಊಟದಲ್ಲಿ ಬಲವಂತ ಬೇಡ. ಪಾತ್ರೆಗಳನ್ನು ನಡುವೆ ಇಟ್ಟು ಅವರೇ ಬಡಿಸಿಕೊಳ್ಳಲಿ. ನಾವು ಬಡಿಸಿದರೆ ತಟ್ಟೆ ಖಾಲಿ ಮಾಡಲು ಸಂಕಟಪಡುತ್ತಾರೆ, ಖಾಲಿ ಮಾಡಿದ್ದು ನೋಡಿ ನಾವು ಮತ್ತೆ ಬಡಿಸುತ್ತೇವೆ. ಇದಕ್ಕೆ ಕೊನೆಯಿಲ್ಲ.

9. ತಿರುಗುವ ಗಂಟೆ

ಈ ಇಡೀ ಬರಹದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಡಿ.

ಹವೆ ಕೆಡುತ್ತಿದೆ, ಹೊತ್ತು ಮೀರಿದೆ, ಶಿಖರ ಇನ್ನೂ ಒಂದು ಗಂಟೆ. ಅತಿಥಿಗಳು ಯೋಚಿಸುತ್ತಾರೆ: ‘ಇವರಿಗೆ ಈ ಜಾಗ ಗೊತ್ತು, ಅಪಾಯವಾಗಿದ್ದರೆ ಹೇಳುತ್ತಿದ್ದರು.’ ನಾವು ಯೋಚಿಸುತ್ತೇವೆ: ‘ಪಾಪ, ಅಷ್ಟು ದೂರದಿಂದ ಬಂದಿದ್ದಾರೆ, ನಿರಾಸೆ ಮಾಡುವುದು ಹೇಗೆ?’ ಇಬ್ಬರಿಗೂ ಒಳಗೆ ಹಿಂದಿರುಗಬೇಕು ಅನ್ನಿಸಿರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು ಮೇಲಕ್ಕೆ ನಡೆಯುತ್ತಾರೆ.

ಇದಕ್ಕೆ ಮದ್ದು ಒಂದೇ. ಬೆಳಗ್ಗೆ, ಎಲ್ಲರ ಹೊಟ್ಟೆ ತುಂಬಿರುವಾಗ, ತಲೆ ತಣ್ಣಗಿರುವಾಗ, ಒಂದು ಗಂಟೆ ಗೊತ್ತುಮಾಡಿ. ‘ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ವಾಪಸ್.’ ಎಲ್ಲರ ಫೋನಿನಲ್ಲೂ ಆ ಹೊತ್ತಿಗೆ ಅಲಾರಂ ಇಡಿಸಿ. ನಮ್ಮ ಗುಂಪಿನಲ್ಲಿ ಒಮ್ಮೆ ಹನ್ನೊಂದು ಫೋನುಗಳು ಹನ್ನೊಂದು ರಾಗದಲ್ಲಿ ಒಟ್ಟಿಗೆ ಕೂಗಿದವು. ಶಿಖರ ಕಣ್ಣೆದುರೇ ಇತ್ತು. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಎಲ್ಲರೂ ನಗುತ್ತಾ ತಿರುಗಿದೆವು. ಬಸ್ಸಿನ ಹತ್ತಿರ ಬರುವಾಗ ಮಳೆ ಹಿಡಿದುಕೊಂಡಿತು.

10. ನಡುವೆ ಒಂದು ದಿನ ಅವರನ್ನು ಬಿಟ್ಟುಬಿಡಿ

ದಿನವಿಡೀ ಬೇರೆ ಭಾಷೆಯಲ್ಲಿ ಮಾತಾಡುವುದು, ಬೇರೆಯವರ ಮನೆಯಲ್ಲಿ ಒಳ್ಳೆಯವರಾಗಿ ಇರುವುದು, ಇದು ಬೆಟ್ಟ ಹತ್ತುವುದಕ್ಕಿಂತ ಹೆಚ್ಚು ಸುಸ್ತು ಮಾಡುತ್ತದೆ. ಅತಿಥಿಯಾಗಿ ಹೋದಾಗ ಐದನೇ ದಿನ ನಾನು ಹೊಟ್ಟೆನೋವು ಎಂದು ಸುಳ್ಳು ಹೇಳಿ ಕೋಣೆಯಲ್ಲಿ ಗೋಡೆ ನೋಡುತ್ತಾ ಮಲಗಿದ್ದೆ. ಅಷ್ಟು ಸುಖವಾದ ಮಧ್ಯಾಹ್ನ ಇನ್ನೊಂದಿಲ್ಲ.

ಮೂರನೆಯ ಅಥವಾ ನಾಲ್ಕನೆಯ ದಿನ ಕಾರ್ಯಕ್ರಮದಲ್ಲಿ ‘ಏನೂ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಮನೆಯವರು ಅವರವರ ಕೆಲಸಕ್ಕೆ ಹೋಗಲಿ. ಅತಿಥಿಗಳು ಮಲಗಲಿ, ಬಟ್ಟೆ ಒಗೆಯಲಿ, ತಮ್ಮ ತಮ್ಮಲ್ಲೇ ತಮ್ಮ ಭಾಷೆಯಲ್ಲಿ ನಮ್ಮನ್ನು ಬೈದುಕೊಳ್ಳಲಿ. ಅದೂ ಆಗಬೇಕಾದ್ದೇ.

11. ಹೊರಡುವ ಮುಂಚೆ

ಕೊನೆಯ ಸಂಜೆ ಅಂಗಳದಲ್ಲಿ ಬಕೆಟ್, ಬ್ರಶ್, ಸೋಪು ಇಡಿ. ಶೂಗಳನ್ನು ತಿಕ್ಕಿ ತೊಳೆಯುವ ಕಾರ್ಯಕ್ರಮ ಇದು. ಅಟ್ಟೆಯ ಸಂದಿನ ಮಣ್ಣಿನಲ್ಲಿ ಬೀಜ ಇರುತ್ತದೆ, ಗಿಡಗಳ ರೋಗ ಇರುತ್ತದೆ. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳನ್ನು ಕೊಲ್ಲುವ ರೋಗ ಹರಡುವುದೇ ಮಣ್ಣಿನಿಂದ, ಅದರಲ್ಲಿ ಜನರ ಶೂಗೆ ಮೆತ್ತಿದ ಮಣ್ಣೂ ಸೇರಿದೆ. ಆ ದೇಶಕ್ಕೆ ಕಾಲಿಡುವಾಗ ಬಳಸಿದ ಚಾರಣದ ಶೂ ಇದೆ ಎಂದು ಬರೆದುಕೊಡಲೇಬೇಕು. ಅತಿಥಿಗಳು ಬಂದ ದಿನವೂ ಇದೇ ಕೆಲಸ ಮಾಡಿಸಬಹುದು, ಆದರೆ ವಿಮಾನ ಇಳಿದವರ ಕೈಗೆ ಬ್ರಶ್ ಕೊಡುವುದು ಹೇಗೋ ಸರಿ ಕಾಣದು. ಬರುವ ಮುಂಚೆ ತೊಳೆದು ತನ್ನಿ ಎಂದು ಪತ್ರದಲ್ಲೇ ಬರೆಯಿರಿ.

ಉಡುಗೊರೆ ಕೊಡುವುದಾದರೆ ಅಂಗೈ ಅಗಲದ್ದು, ಒಡೆಯದ್ದು, ತೂಕವಿಲ್ಲದ್ದು. ಅವರ ಬ್ಯಾಗ್ ಬರುವಾಗಲೇ ತುಂಬಿತ್ತು. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಲಿ ಎಂದು ಇನ್ನೊಮ್ಮೆ ನೆನಪಿಸಿ.

ಒಂದು ವಾರದೊಳಗೆ ನಡೆದ ದಾರಿಯ ಜಿಪಿಎಸ್ ಗೆರೆ ಮತ್ತು ಫೋಟೋಗಳನ್ನು ಕಳಿಸಿ. ಯಾರ ಫೋಟೋವನ್ನಾದರೂ ಎಲ್ಲರಿಗೂ ಕಾಣುವ ಹಾಗೆ ಹಾಕುವ ಮುಂಚೆ ಅವರನ್ನು ಕೇಳಿ. ಜೊತೆಗೆ ಅಭಿಪ್ರಾಯವನ್ನೂ ಕೇಳಿ, ಆದರೆ ‘ಹೇಗಿತ್ತು?’ ಎಂದಲ್ಲ. ಅದಕ್ಕೆ ಬರುವ ಉತ್ತರ ಗೊತ್ತೇ ಇದೆ. ನಾವು ಕೇಳುವುದು ಒಂದೇ ಪ್ರಶ್ನೆ: ‘ಮುಂದಿನ ಸಲ ಕಾರ್ಯಕ್ರಮದಿಂದ ಒಂದನ್ನು ತೆಗೆಯಲೇಬೇಕು ಅಂದರೆ ಯಾವುದನ್ನು ತೆಗೆಯೋಣ?’

ಮೊದಲ ಸಲ ಹೀಗೆ ಕೇಳಿದಾಗ ಒಂಬತ್ತು ಜನರಲ್ಲಿ ಏಳು ಜನ ಬರೆದದ್ದು ಮೊದಲ ರಾತ್ರಿಯ ಸ್ವಾಗತ ಭಾಷಣ. 40 ನಿಮಿಷದ ಭಾಷಣ, ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂತು ಬಂದವರ ಮುಂದೆ. ಮಾಡಿದವನು ನಾನೇ. ಈಗ ಆ ಹೊತ್ತಿನಲ್ಲಿ ನಾನು ಗೀಸರಿನ ಸ್ವಿಚ್ ತೋರಿಸುತ್ತೇನೆ.